ಓ ಅನ್ನದ ಸೋಮವಾರ

ಶನಿವಾರ ರಾತ್ರಿ ಹಳೆಯ ಸರ್ವರ್ ಆರಿಸಿದೆವು.
ಒಂಬತ್ತು ವರ್ಷ ಗೊರಗೊರ ಎಂದ ಫ್ಯಾನು
ಇನ್ನೊಂದೇ ಸುತ್ತು ಸುತ್ತಿ ನಿಂತಿತು.
ಆ ಕೋಣೆಯೊಳಗೆ ಮೊದಲ ಸಲ
ಮೊಂಬಾಸಾ ಬಂದರು ಕೇಳಿಸಿತು:
ಕ್ರೇನಿನ ಕಿರ್ರು, ದೂರದ ಹಡಗಿನ ಕೊಂಬು.

ಸೋಮವಾರ ಏಳೂವರೆ.
ಶಿಮಾಂಜಿಯ ಚಹಾ ಗೋದಾಮು, ಮಹಡಿಯ ಕಚೇರಿ,
ಮೂವತ್ತೆರಡು ಮಂದಿ, ಮೂವತ್ತೆರಡು ಬಿಳಿ ತೆರೆ.
"ಕಾಡ್ಜೋ, ಇಂಟರ್ನೆಟ್ ಸತ್ತಿದೆ" ಎಂದಳು ಲೆಕ್ಕದ ನ್ಯೆವು,
"ಪ್ರಿಂಟರ್ ಕೂಡ ಇಲ್ಲವಂತೆ."
ಪ್ರಿಂಟರ್ ಇದೆ. ನನ್ನ ಕಣ್ಣೆದುರೇ ಇದೆ,
ಅದರ ನೆತ್ತಿಯ ಮೇಲೆ ಯಾರೋ
ಮಹಾಮ್ರಿ ಕಟ್ಟಿದ ಎಣ್ಣೆಕಾಗದ ಬೇರೆ ಇಟ್ಟಿದ್ದಾರೆ.

ಯಾರೂ ಸತ್ತಿಲ್ಲ. ಸಂಖ್ಯೆ ಹಿಡಿದು ಕೂಗಿದರೆ
ಎಲ್ಲರೂ ಓ ಅನ್ನುತ್ತಾರೆ,
ಎರಡೇ ಮಿಲಿಸೆಕೆಂಡಿಗೆ, ಶಾಲೆಯ ಹಾಜರಿಯಂತೆ.
ಹೆಸರು ಹಿಡಿದು ಕೂಗಿದರೆ
ಹೇಳಹೆಸರಿಲ್ಲ.

ಬಿಡಿಸಿ ಹೇಳಲು ಹೋದೆ: ತಂತಿಯಿದೆ, ದಾರಿಯಿದೆ,
ಮನೆಗಳೆಲ್ಲ ನಿಂತಲ್ಲೇ ನಿಂತಿವೆ,
ಯಾರ ಮನೆ ಎಲ್ಲಿ ಎಂದು ಹೇಳುತ್ತಿದ್ದ
ತಿರುವಿನ ಅಂಗಡಿಯವ ಮಾತ್ರ ಇಲ್ಲ.
"ಅಂಗಡಿ ಎಷ್ಟು ಹೊತ್ತಿಗೆ ತೆಗೀತಾನೆ?" ಎಂದರು ಮ್ಯಾನೇಜರು.
"ನಾಳೆ ಹರಾಜು. ಒಂಬತ್ತು ಸಾವಿರ ಚೀಲದ ಪಟ್ಟಿ
ಹತ್ತೂವರೆಯೊಳಗೆ ಹೋಗಬೇಕು."

ಅಂಗಡಿಯವನ ಹೆಸರು ಕಸುಕು.
ಕಸುಕು ಎಂದರೆ ಗಿಣಿ. ಮ್ಜೀ ಮ್ವಾಚಿರೊ ಇಟ್ಟ ಹೆಸರು.
ಕಲಿಸಿದ್ದನ್ನು ಹೇಳುತ್ತದೆ, ಮೇಲೊಂದಕ್ಷರ
ಆಡುವುದಿಲ್ಲ ಎನ್ನುತ್ತಿದ್ದರು.
ಹೊಸದಕ್ಕೆ ನೈರೋಬಿಯವರು ಇಟ್ಟದ್ದು
ಐದು ಅಕ್ಷರ, ಒಂದು ಅಡ್ಡಗೆರೆ, ಎರಡು ಅಂಕಿ.
ಕರೆಯಲು ನಾಲಗೆ ಹೊರಳುವುದಿಲ್ಲ.

ಮೊದಲು ಬಾಡಿಗೆಚೀಟಿಗಳನ್ನು ನೋಡಿದೆ.
ಎಂಟು ದಿನಕ್ಕೆಂದು ಬರೆದುಕೊಟ್ಟ ವಿಳಾಸ, ಕೆಳಗೆ ಷರಾ:
ಹೆಸರು ತಿಳಿಯದಿದ್ದರೆ ಹನ್ನೊಂದನ್ನು ಕೇಳು.
ಹನ್ನೊಂದು ಈಗ ಮೂಲೆಯ ರಟ್ಟಿನ ಪೆಟ್ಟಿಗೆಯೊಳಗಿದೆ.
ಒಂದೊಂದೇ ಮೇಜಿಗೆ ಬಗ್ಗಿ ಚೀಟಿ ಹರಿದೆ, ಹೊಸದು ಕೊಡಿಸಿದೆ:
ಇನ್ನು ಮೇಲೆ ಇಪ್ಪತ್ತನ್ನು ಕೇಳು,
ನೆನಪಿಟ್ಟುಕೊಂಡ ಸುಳ್ಳನ್ನೆಲ್ಲ ಒರೆಸಿಬಿಡು.
ಕೇಳಿದವು.
ಇಪ್ಪತ್ತು ತುಸು ಹೊತ್ತು ಸುಮ್ಮನಿದ್ದು
ತನಗೂ ತಿಳಿಯದು ಎಂದಿತು.

ಹತ್ತಕ್ಕೆ ಹತ್ತು ನಿಮಿಷ. ರಬೈಗೆ ಫೋನು ಹಚ್ಚಿದೆ.
ಮ್ವಾಚಿರೊ ನಿವೃತ್ತರು, ಹಿಂದೆ ಕೋಳಿಗಳ ಗಲಾಟೆ.
ನನ್ನ ಪುರಾಣ ಪೂರ್ತಿ ಕೇಳಿಸಿಕೊಂಡು
"ಹೊಸಬ ಏನು ಹೇಳ್ತಾನೆ ಅನ್ನೋದು ಬಿಡು" ಅಂದರು,
"ತಾನು ಯಾರನ್ನ ಕೇಳ್ತಾನೆ, ನೋಡಿದ್ಯಾ?"

ನೋಡಿರಲಿಲ್ಲ.
ಹೊಸ ಯಂತ್ರ, ಮಿರಿಮಿರಿ, ಆರು ಲಕ್ಷ ಶಿಲ್ಲಿಂಗು,
ಮೊದಲ ಸಾಲಿನಲ್ಲೇ ಬರೆದುಕೊಂಡಿತ್ತು:
ಗೊತ್ತಾಗದಿದ್ದರೆ ಹನ್ನೊಂದನ್ನು ಕೇಳು.
ಶನಿವಾರ ರಾತ್ರಿಯಿಂದ ಪಾಪ
ರಟ್ಟಿನ ಪೆಟ್ಟಿಗೆಯನ್ನೇ ಕೂಗುತ್ತ ಕೂತಿತ್ತು,
ಬಯ್ಯದೆ, ಬೇಸರಿಸದೆ,
ಪ್ರತಿ ಸಲವೂ ಅದೇ ದನಿಯಲ್ಲಿ.

ಬರೆದವಳು ನಾನೇ. ಎರಡೂ ಬದುಕಿದ್ದ ಹೊತ್ತಿನಲ್ಲಿ,
ಕೆಲಸ ಸಲೀಸಾಗಲೆಂದು. ಅಳಿಸಲು ಮರೆತೆ.
ವರದಿಯಲ್ಲಿ ಇದನ್ನು
"ಸಂರಚನೆಯ ದೋಷ" ಎಂದಷ್ಟೇ ಬರೆದೆ.

ಹತ್ತು ಇಪ್ಪತ್ತೆರಡಕ್ಕೆ ಪಟ್ಟಿ ಹೋಯಿತು.
ನ್ಯೆವು ಒಂದು ಮಹಾಮ್ರಿ ತಂದು
ಸೀದಾ ಕೀಲಿಮಣೆಯ ಮೇಲೇ ಇಟ್ಟಳು.

ಒಂದು ಉಳಿಯಿತು. ಕೆಳಗಿನ ತೂಕದ ಯಂತ್ರ.
ಚಹಾ ಧೂಳಿನಲ್ಲಿ ಕಂದಿ, ಗುಂಡಿಗಳೆಲ್ಲ ಸವೆದು,
ಚೀಟಿಗೀಟಿ ಅರಿಯದು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ.
ಅದು ಕೇಳುವುದು ಹನ್ನೊಂದನ್ನೇ,
ಕೇಳುವ ಹೆಸರೂ ಒಂದೇ.
ನೈರೋಬಿಗೆ ತಿಳಿಸದೆ, ಹೊಸದಕ್ಕೆ
ಇನ್ನೊಂದು ಬಾಗಿಲು ತೆರೆದು ಹನ್ನೊಂದು ಎಂದು ಬರೆದೆ.
ಪಟ್ಟಿಯ ಕೊನೆಗೆ ಒಂದು ಸಾಲು ಸೇರಿಸಿದೆ:
ಕಸುಕು ಎಂದು ಯಾರಾದರೂ ಕರೆದರೆ
ಅದು ನೀನೇ.

ಕೆಳಗೆ ಚಾರೊ ಚೀಲ ಎತ್ತಿಟ್ಟ.
ಅರೆಕ್ಷಣ.
ಅರವತ್ತೆಂಟು ಕಿಲೊ, ಇನ್ನೂರು ಗ್ರಾಂ.
"ಇದಕ್ಕೇನೂ ಆಗೇ ಇರಲಿಲ್ಲವಲ್ಲ" ಎಂದು
ಮುಂದಿನ ಚೀಲಕ್ಕೆ ಹೆಗಲು ಕೊಟ್ಟ.